ಕತ್ತು ಚಾಚಿದ್ರೆ ಉದ್ದ ಆಗುತ್ತಾ?

ಪ್ರಶ್ನೆ: ಸರ್, ಜಿರಾಫೆ ಮೇಲಿನ ಸೊಪ್ಪಿಗೆ ಕತ್ತು ಚಾಚಿ ಚಾಚಿ ಅದು ಉದ್ದ ಆಯ್ತು ಅಂತ ಮಗಳಿಗೆ ಹೇಳಿಕೊಟ್ಟಿದ್ದೆ. ಅವಳ ಟೀಚರ್ ‘ಅದು ಲಮಾರ್ಕ್ ಕಾಲದ ಮಾತು, ತಪ್ಪು’ ಅಂದ್ರಂತೆ. ಹಾಗಾದ್ರೆ ಪ್ರಾಣಿಯ ನಡವಳಿಕೆಗೂ ವಿಕಾಸಕ್ಕೂ ಸಂಬಂಧವೇ ಇಲ್ವಾ?

ಉತ್ತರ: ಟೀಚರ್ ಹೇಳಿದ್ದು ಸರಿ. ಲಮಾರ್ಕ್ ಅಂದ್ರೆ ಡಾರ್ವಿನ್‌ಗೂ ಮೊದಲಿನ ಫ್ರೆಂಚ್ ವಿಜ್ಞಾನಿ, ಬದುಕಿದ್ದಾಗ ಗಳಿಸಿದ್ದು ಮಕ್ಕಳಿಗೂ ಬರುತ್ತೆ ಅಂದುಕೊಂಡಿದ್ರು. ಗರಡಿಮನೆಯಲ್ಲಿ ಬೆಳೆಸಿದ ತೋಳು ಮಗನಿಗೆ ಬರಲ್ಲ, ಚಾಚಿದ ಕತ್ತೂ ಅಷ್ಟೇ. ಆದ್ರೆ ಸಂಬಂಧವೇ ಇಲ್ಲ ಅನ್ನೋಕಾಗಲ್ಲ. ಹುಟ್ಟಿನಿಂದ ಬಂದ ಸಣ್ಣಪುಟ್ಟ ವ್ಯತ್ಯಾಸಗಳಲ್ಲಿ ಯಾವುದು ಉಳಿಯುತ್ತೆ ಅನ್ನೋದು ಎಷ್ಟೋ ಸಲ ಪ್ರಾಣಿ ಹೇಗೆ ಬದುಕುತ್ತೆ ಅನ್ನೋದರ ಮೇಲಿರುತ್ತೆ.

ನನಗೆ ಇಷ್ಟವಾದ ಉದಾಹರಣೆ ಹವಾಯಿಯ ಕವಾಯಿ ದ್ವೀಪದ ಚಿಮ್ಮಂಡೆ (ರಾತ್ರಿ ಕಿರ್ರ್ ಅನ್ನೋ ಹುಳ, ಕೆಲವು ಕಡೆ ಜೀರುಂಡೆ ಅಂತಾರೆ). ಗಂಡು ಒಂದು ರೆಕ್ಕೆಯ ಗರಗಸದಂಥ ಹಲ್ಲನ್ನ ಇನ್ನೊಂದರ ಅಂಚಿಗೆ ಉಜ್ಜಿ ಹೆಣ್ಣನ್ನ ಕರೆಯುತ್ತೆ. ಅಲ್ಲಿ ಒಂದು ಜಾತಿಯ ನೊಣ ಇದೆ, ಅದೂ ಅದೇ ಸದ್ದು ಹಿಡಿದು ಬರುತ್ತೆ. ಬಂದು ಚಿಮ್ಮಂಡೆ ಮೇಲೆ ಮರಿಹುಳ ಬಿಡುತ್ತೆ. ಅವು ಒಳಗೆ ಕೊರೆದು ಹೋಗಿ, ಸುಮಾರು ವಾರ ಒಳಗಿಂದಲೇ ತಿಂದು, ಹೊರಗೆ ಬರುವಾಗ ಚಿಮ್ಮಂಡೆ ಕಥೆ ಮುಗಿದಿರುತ್ತೆ.

2003ರಲ್ಲಿ ಮಾರ್ಲೀನ್ ಝೂಕ್ ಎಂಬ ವಿಜ್ಞಾನಿ ಹೋದಾಗ ರಾತ್ರಿ ಸದ್ದೇ ಇಲ್ಲ. ಟಾರ್ಚ್ ಬಿಟ್ಟು ನೋಡಿದ್ರೆ ಹುಲ್ಲಿನ ತುಂಬ ಚಿಮ್ಮಂಡೆ! ಗಂಡುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮೂಕ, ರೆಕ್ಕೆ ಹೆಣ್ಣಿನದರ ಥರ ಚಪ್ಪಟೆ. ಇಷ್ಟಾಗೋಕೆ 20 ತಲೆಮಾರೂ ಹಿಡಿದಿರಲಿಲ್ಲ.

ಪ್ರಶ್ನೆ: ಅಂದ್ರೆ ನೊಣಕ್ಕೆ ಹೆದರಿ ಕೂಗೋದನ್ನ ಬಿಟ್ವಾ?

ಉತ್ತರ: ಇಲ್ಲ ಅಕ್ಕ, ಬಿಟ್ಟಿದ್ದಲ್ಲ. ಅವಕ್ಕೆ ಕೂಗೋಕೇ ಬರಲ್ಲ, ಒಂದು ಜೀನ್ ಬದಲಾಗಿತ್ತು. ಸದ್ದಿಲ್ಲದ್ದರಿಂದ ನೊಣಕ್ಕೆ ಸಿಗದೆ ಉಳಿದವು. ಪ್ರಶ್ನೆ ಬೇರೆ: ಕೂಗದ ಗಂಡಿಗೆ ಹೆಣ್ಣು ಸಿಕ್ಕಿದ್ದು ಹೇಗೆ? ಕೂಗೋ ಗಂಡಿನ ಪಕ್ಕ ಹೋಗಿ ಸುಮ್ಮನೆ ಕೂತು, ಬರೋ ಹೆಣ್ಣನ್ನ ದಾರಿಯಲ್ಲೇ ಅಡ್ಡಹಾಕೋದು. ಧ್ವನಿಮುದ್ರಿಕೆ ಹಾಕಿ ನೋಡಿದಾಗ ಮೂಕ ಗಂಡುಗಳು ಸ್ಪೀಕರ್ ಹತ್ತಿರ ಬಂದು ಕೂತವು. ಈ ಬುದ್ಧಿ ಇಲ್ಲದಿದ್ರೆ ಚಪ್ಪಟೆ ರೆಕ್ಕೆ ಮೊದಲ ತಲೆಮಾರಿನಲ್ಲೇ ಅಳಿದುಹೋಗಬಹುದಿತ್ತು. ಆದ್ರೆ ಎಲ್ಲವೂ ಮೂಕವಾದ್ರೂ ಕಷ್ಟ, ಯಾರ ಪಕ್ಕ ಕೂರೋದು?

ಪ್ರಶ್ನೆ: ಮನುಷ್ಯರಲ್ಲೂ ಹೀಗಿದ್ಯಾ ಸರ್? ನನಗೆ ಹಾಲು ಕುಡಿದ್ರೆ ಹೊಟ್ಟೆ ಉಬ್ಬರ, ಮೊಸರು ಮಜ್ಜಿಗೆ ಎಷ್ಟಾದ್ರೂ ಸರಿ.

ಉತ್ತರ: ಒಳ್ಳೇ ಪ್ರಶ್ನೆ ಕೇಳಿದ್ರಿ. ಹಾಲಿನಲ್ಲಿರೋ ಲ್ಯಾಕ್ಟೋಸ್ ಅನ್ನೋ ಸಕ್ಕರೆಯನ್ನ ಅರಗಿಸೋ ಶಕ್ತಿ ಸಾಮಾನ್ಯವಾಗಿ ಬಾಲ್ಯ ಕಳೆದ ಮೇಲೆ ಇಳಿಯುತ್ತೆ. ಕೆಲವರಲ್ಲಿ ಜೀನಿನ ಒಂದು ರೂಪಾಂತರದಿಂದ (ಹುಟ್ಟಿನಿಂದ ಬಂದ ಬದಲಾವಣೆ) ಉಳಿಯುತ್ತೆ. ಯುರೋಪಿನ ಹಳೇ ಮಡಕೆ ಚೂರುಗಳಲ್ಲಿ ಹಾಲಿನ ಜಿಡ್ಡು ಸಿಕ್ಕಿದೆ, ಆದ್ರೆ ಆ ಕಾಲದ ಮೂಳೆಗಳ ಡಿಎನ್‌ಎಯಲ್ಲಿ ಆ ರೂಪಾಂತರ ತೀರಾ ಅಪರೂಪ. ಹಾಲು ಕರೆಯೋ ರೂಢಿ ಮೊದಲು ಬಂತು, ಆ ಜೀನ್ ಬದಲಾವಣೆ ಹರಡಿದ್ದು ಸಾವಿರಾರು ವರ್ಷ ಆದ ಮೇಲೆ. ನಮ್ಮ ದೇಶದಲ್ಲಿ ಅದು ವಾಯವ್ಯದ ಕಡೆ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ.

ಇನ್ನು ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳೇ ಒಂದಷ್ಟು ಲ್ಯಾಕ್ಟೋಸ್ ತಿಂದುಬಿಡ್ತವೆ. ಕೆಲಸ ಮಡಕೆಯಲ್ಲೇ ಮುಗಿದ್ರೆ ಹೊಟ್ಟೆ ಬದಲಾಗೋ ಅಗತ್ಯ ಅಷ್ಟು ಇರಲ್ಲ. ಹೀಗೆ ನಡವಳಿಕೆ ವಿಕಾಸಕ್ಕೆ ತಡೆಯೂ ಆಗಬಹುದು. ಅಂದಹಾಗೆ ನಿಮ್ಮ ಉಬ್ಬರಕ್ಕೆ ಲ್ಯಾಕ್ಟೋಸೇ ಕಾರಣವಾ ಅಂತ ಡಾಕ್ಟರನ್ನ ಕೇಳಿ, ನಾನು ಹುಳುಗಳ ಮೇಷ್ಟ್ರು.