ಪದಚರ್ಚೆ: ‘ಬುದ್ಧಿ’ ಮನುಷ್ಯರದ್ದು ಮಾತ್ರವೇ? ‘ಪ್ರಾಣಿ’ಯಲ್ಲಿ ಮನುಷ್ಯ ಸೇರುವುದಿಲ್ಲವೇ?

ಎಲ್ಲರಿಗೂ ನಮಸ್ಕಾರ.

ಕಾರವಾರದ ಕೋಡಿಬಾಗದಿಂದ ಬರೆಯುತ್ತಿದ್ದೇನೆ. ಭಾನುವಾರ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸು ತೆಗೆದುಕೊಳ್ಳುತ್ತೇನೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು. ಅವರಿಗಾಗಿ ಸೃಷ್ಟಿಯ ಬಗ್ಗೆ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಕರಡಿನಲ್ಲಿ ಹೀಗೊಂದು ಸಾಲಿತ್ತು: ‘ದೇವರು ಪ್ರಾಣಿಗಳಿಗೆ ಜೀವ ಕೊಟ್ಟರು, ಮನುಷ್ಯನಿಗೆ ಬುದ್ಧಿ ಕೊಟ್ಟರು.’ ಓದಿ ಹೇಳಿದಾಗ ಆರನೇ ಕ್ಲಾಸಿನ ಹುಡುಗಿಯೊಬ್ಬಳು, “ಟೀಚರ್, ಕಾಗೆಗೂ ಬುದ್ಧಿ ಇದೆ ಅಲ್ವಾ?” ಎಂದಳು. ಆ ಸಾಲನ್ನು ಎಷ್ಟು ತಿದ್ದಿದರೂ ಸರಿಯಾಗುತ್ತಿಲ್ಲ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಾಗೆಯ ವಿಷಯದಲ್ಲಿ ಅವಳು ಹೇಳಿದ್ದು ಖಂಡಿತ ಸರಿ. ನಮ್ಮ ಪಕ್ಕದ ಮನೆಯ ಅಜ್ಜಿ ಅಂಕೋಲಾ ಕಡೆಯವರು. ಮೊನ್ನೆ ಅಂಗಳದಲ್ಲಿ ಚಾಪೆ ಹಾಸಿ ಶೆಟ್ಲಿ (ಸಿಗಡಿ) ಒಣಗಲು ಹಾಕಿದ್ದರು. ಕಾಗೆಯೊಂದು ಎಲ್ಲಿಂದಲೋ ಒಣಕಲು ರೊಟ್ಟಿ ಚೂರು ಕಚ್ಚಿಕೊಂಡು ಬಂತು. ಎರಡು ಸಲ ಕುಕ್ಕಿತು, ಮುರಿಯಲಿಲ್ಲ. ಬಾವಿಕಟ್ಟೆಯ ಮೇಲಿದ್ದ ಬಾಲ್ದಿಯ ನೀರಿಗೆ ಅದ್ದಿತು. ತೆಗೆದು ಕುಕ್ಕಿ ನೋಡಿತು, ಮತ್ತೆ ಅದ್ದಿತು. ಮೆತ್ತಗಾದ ಮೇಲೆ ತಿಂದಿತು. ಅಜ್ಜಿ, “ಅದರ ಬುದ್ಧಿ ನೋಡು!” ಎಂದರು. ಅಷ್ಟರಲ್ಲಿ ಬೀದಿ ನಾಯಿ ಬಂದು ಚಾಪೆಗೆ ಬಾಯಿ ಹಾಕಿತು. ಕೋಲು ಎತ್ತಿಕೊಂಡು ಅದೇ ಅಜ್ಜಿ, “ತನ್ನ ಬುದ್ಧಿ ಬಿಡ್ತದಾ ಅದು!” ಎಂದರು. ಕಾಗೆಯದು ಜಾಣತನ, ನಾಯಿಯದು ಹುಟ್ಟುಗುಣ. ಎರಡಕ್ಕೂ ಒಂದೇ ಮಾತು.

ಸತ್ಯವೇದವೂ (ಬೈಬಲ್) ಈ ವಿಷಯದಲ್ಲಿ ಜಿಪುಣತನ ಮಾಡಿಲ್ಲ. ಜ್ಞಾನೋಕ್ತಿಗಳ 30ನೇ ಅಧ್ಯಾಯ ಇರುವೆ, ಬೆಟ್ಟದ ಮೊಲ, ಮಿಡತೆ, ಹಲ್ಲಿ ಈ ನಾಲ್ಕನ್ನೂ ಸಣ್ಣವಾದರೂ ಬಹಳ ಜ್ಞಾನವುಳ್ಳವು ಎನ್ನುತ್ತದೆ. 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಕುರಿಯ ಉದಾಹರಣೆ ಕೊಡುತ್ತಾರೆ. ತೋಳವನ್ನು ಕಂಡ ಕುರಿ ಓಡುವುದು ತೋಳದ ಬಣ್ಣ, ಆಕಾರ ಹಿಡಿಸದೆ ಅಲ್ಲ, ಅದು ವೈರಿ ಎಂದು ಗೊತ್ತಾಗುವುದರಿಂದ. ಅಂದರೆ ಕಣ್ಣಿಗೆ ಕಾಣದ್ದನ್ನೂ ಪ್ರಾಣಿ ಗ್ರಹಿಸುತ್ತದೆ. 2002ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬೆಟ್ಟಿ ಎಂಬ ನ್ಯೂ ಕ್ಯಾಲೆಡೋನಿಯಾದ ಕಾಗೆ ನೇರ ತಂತಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಕೊಳವೆಯೊಳಗಿನ ಊಟದ ಪುಟ್ಟ ಬುಟ್ಟಿಯನ್ನು ಮೇಲಕ್ಕೆ ಎತ್ತಿತ್ತು. ಇದನ್ನೆಲ್ಲ ಓದಿದ ಮೇಲೂ ‘ಮನುಷ್ಯನಿಗೆ ಮಾತ್ರ ಬುದ್ಧಿ’ ಎಂದು ಮಕ್ಕಳಿಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ‘ಪ್ರಾಣಿ’. ಇದು ನನ್ನನ್ನು ಇನ್ನೂ ಜಾಸ್ತಿ ಹಿಡಿದು ನಿಲ್ಲಿಸಿತು. ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ 2:7ರಲ್ಲಿ ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಮೂಗಿನೊಳಗೆ ಜೀವಶ್ವಾಸ ಊದುತ್ತಾರೆ. ಆಗ ಮನುಷ್ಯ ಏನಾದ? ಹಳೆಯ ಕನ್ನಡ ಸತ್ಯವೇದದ ಮಾತು: ‘ಬದುಕುವ ಪ್ರಾಣಿಯಾದನು.’ ಮೂಲ ಹೀಬ್ರೂವಿನಲ್ಲಿ ಅದು ‘ನೆಫೆಷ್ ಹಯ್ಯಾ’. ಮೊದಲನೇ ಅಧ್ಯಾಯದಲ್ಲಿ ನೀರಿನ ಜೀವಿಗಳಿಗೂ ನೆಲದ ಮೃಗಗಳಿಗೂ ಇದೇ ಎರಡು ಪದ ಬಂದಿವೆ. 1611ರ ಇಂಗ್ಲಿಷ್ ಬೈಬಲ್ ಮನುಷ್ಯನಿಗೆ ‘ಆತ್ಮ’ ಎಂಬ ಅರ್ಥದ ಪದ, ಮೃಗಗಳಿಗೆ ‘ಜೀವಿ’ ಎಂಬ ಅರ್ಥದ ಪದ ಹಾಕಿ ಎರಡನ್ನೂ ಬೇರೆ ಮಾಡಿತು. ನಮ್ಮ ಹಿರಿಯರು ಮನುಷ್ಯನನ್ನೇ ‘ಪ್ರಾಣಿ’ ಎಂದು ಕರೆದರು. ಪ್ರಾಣ ಇರುವುದು ಪ್ರಾಣಿ. ಲ್ಯಾಟಿನ್ನಿನಲ್ಲೂ ಹಾಗೇ, ‘ಅನಿಮಾ’ ಇರುವುದು ‘ಅನಿಮಲ್’. ನಮ್ಮಲ್ಲಿ ಈಗಲೂ ಮುಗ್ಧ ಮನುಷ್ಯನನ್ನು ‘ಪಾಪದ ಪ್ರಾಣಿ’ ಅನ್ನುತ್ತೇವೆ. ಆದರೆ ಶಾಲೆಯ ಮಕ್ಕಳಿಗೆ ಪ್ರಾಣಿ ಅಂದರೆ ನಾಯಿ, ದನ, ಹುಲಿ ಅಷ್ಟೇ. ‘ಆದಾಮನು ಪ್ರಾಣಿಯಾದನು’ ಎಂದು ಓದಿದರೆ ಅವರಿಗೆ ಬೈದ ಹಾಗೆ ಕೇಳುತ್ತದೆ. ಆ ಮಾತನ್ನು ಬಿಡಲು ನನಗೆ ಇಷ್ಟವಿಲ್ಲ. ಕಾಗೆಯ ಉಸಿರೂ ನಮ್ಮ ಉಸಿರೂ ಒಬ್ಬರೇ ಕೊಟ್ಟದ್ದು ಎಂದು ಅದು ಒಂದೇ ಪದದಲ್ಲಿ ಹೇಳುತ್ತದೆ.

ಹಾಗಾದರೆ ಮನುಷ್ಯನ ವಿಶೇಷ ಏನು? ‘ಬುದ್ಧಿ ಹೇಳು’ ಎಂಬ ಬಳಕೆಯಲ್ಲಿ ಉತ್ತರ ಸಿಕ್ಕಿತು ಎಂದು ಒಂದು ವಾರ ಅಂದುಕೊಂಡಿದ್ದೆ. ನಾಯಿಗೆ ಬುದ್ಧಿ ಇದೆ, ನಾಯಿಗೆ ಕಲಿಸುತ್ತೇವೆ, ಆದರೆ ನಾಯಿಗೆ ಯಾರೂ ಬುದ್ಧಿ ಹೇಳುವುದಿಲ್ಲ. ಕೂರಿಸಿಕೊಂಡು ಬುದ್ಧಿ ಹೇಳುವುದು ಮನುಷ್ಯರಿಗೆ ಮಾತ್ರ. ಮಾಡಿದ್ದಕ್ಕೆ ಜವಾಬು ಕೊಡಬೇಕಾದವರು ಮನುಷ್ಯರು. ಚೆನ್ನಾಗಿದೆ ಅನಿಸಿತ್ತು.

ಆದರೆ ನನ್ನ ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಾನೆ. ಹದಿಮೂರು ವರ್ಷ. ಮಾತು ಬರುವುದಿಲ್ಲ. ಹಾಡು ಶುರುವಾದರೆ ಬೆಂಚಿನ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಾನೆ. ಅವನ ಸರ್ಟಿಫಿಕೇಟಿನಲ್ಲಿ ಬರೆದಿರುವ ಪದ ‘ಬುದ್ಧಿಮಾಂದ್ಯ’. ಅವನ ಎದುರು ನಿಂತು ‘ದೇವರು ಮನುಷ್ಯನಿಗೆ ಕೊಟ್ಟದ್ದು ಬುದ್ಧಿ’ ಎಂದು ನಾನು ಓದಿದ್ದೆ. ಅವನ ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಏನೂ ಹೇಳಲಿಲ್ಲ. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಕ್ವಿನಾಸ್ ಮನುಷ್ಯನಲ್ಲಿರುವ ದೇವರ ಸ್ವರೂಪವನ್ನು ಬುದ್ಧಿಶಕ್ತಿಯ ಜೊತೆ ಕಟ್ಟುತ್ತಾರೆ, ಆದರೆ ಆ ಯೋಗ್ಯತೆ ಎಲ್ಲ ಮನುಷ್ಯರ ಸ್ವಭಾವದಲ್ಲೇ ಇದೆ ಎಂದೂ ಹೇಳುತ್ತಾರೆ. ಮಕ್ಕಳ ಪುಸ್ತಿಕೆಯಲ್ಲಿ ಈ ಎರಡನೇ ಭಾಗ ಬಿಟ್ಟುಹೋಗಿ ಮೊದಲನೆಯದಷ್ಟೇ ಉಳಿಯುತ್ತದೆ ಎಂಬುದು ನನ್ನ ಭಯ. ಹಾಗಾಗಿ ‘ಬುದ್ಧಿ’ಯನ್ನು ಆ ಸಾಲಿನಿಂದ ತೆಗೆದೆ.

ದೇವರು ಮನುಷ್ಯನನ್ನು ತನ್ನಂತೆ ಮಾಡುವ ಮಾತು ಬರುವ ಆದಿಕಾಂಡ 1:26ರಲ್ಲಿ ಇರುವ ಪದಗಳು ‘ಸ್ವರೂಪ’, ‘ಹೋಲಿಕೆ’. ಇದೇ ಜೋಡಿ 5:3ರಲ್ಲಿ ಮತ್ತೆ ಬರುತ್ತದೆ, ಅಲ್ಲಿ ಆದಾಮನಿಗೆ ತನ್ನ ಹೋಲಿಕೆಯ, ತನ್ನ ಸ್ವರೂಪದ ಮಗ ಸೇತ ಹುಟ್ಟುತ್ತಾನೆ. ಅಪ್ಪ-ಮಗನ ಮಾತು ಅದು. ಮಗ ಜಾಣನಾದರೂ ಆಗದಿದ್ದರೂ ಅಪ್ಪನ ಮಗನೇ. ಆದರೆ ಆಡುಮಾತಿನಲ್ಲಿ ‘ಸ್ವರೂಪ’ ಅಂದರೆ ‘ಯೋಜನೆಯ ಸ್ವರೂಪ’, ‘ರೋಗದ ಸ್ವರೂಪ’ ಎಂಬ ಅರ್ಥವೇ ಮುಂದೆ ನಿಲ್ಲುತ್ತದೆ. ಮಕ್ಕಳಿಗೆ ಅಪ್ಪನ ಮುಖ ಕಾಣುವುದಿಲ್ಲ. ‘ಪಡಿಯಚ್ಚು’ ಎಂದರೆ ಹೇಗೆ? ‘ದೇವರು ಮನುಷ್ಯರನ್ನು ತನ್ನ ಪಡಿಯಚ್ಚಿನಂತೆ ಮಾಡಿದರು.’ ದೇವರಿಗೂ ಮನುಷ್ಯನಿಗೂ ಅಂತರವೇ ಇಲ್ಲ ಎನ್ನುವಷ್ಟು ಆಗಿಬಿಡುತ್ತದೆಯೇ ಎಂಬುದೊಂದೇ ಅಳುಕು.

ದಯವಿಟ್ಟು ತಿಳಿಸಿ: ನಿಮ್ಮ ಕಡೆ ‘ಪಡಿಯಚ್ಚು’ ಮುಖದ ಹೋಲಿಕೆಗೆ ಮಾತ್ರವೇ, ಗುಣಕ್ಕೂ ಬಳಸುತ್ತಾರೆಯೇ? ಕುಮಟಾ, ಹೊನ್ನಾವರದ ಹಿರಿಯರ ಮಾತಿನಲ್ಲಿ ‘ಪ್ರಾಣಿ’ ಮನುಷ್ಯರಿಗೆ ಬೇರೆ ಯಾವ ರೀತಿಯಲ್ಲಾದರೂ ಬರುತ್ತದೆಯೇ? ಶಿರಸಿ, ಸಿದ್ದಾಪುರದಲ್ಲಿ ಕೊಟ್ಟಿಗೆ ಇರುವವರು ಇನ್ನೊಂದು ಹೇಳಬೇಕು. ಹಸು, ಕರುವಿಗೆ ‘ಬುದ್ಧಿ ಹೇಳಿದೆ’ ಎಂದು ಯಾರಾದರೂ ಅನ್ನುವುದನ್ನು ಕೇಳಿದ್ದೀರಾ? ಹಾಗೆ ಬಳಕೆ ಇದ್ದರೆ ನಾನು ಮೇಲೆ ಬರೆದದ್ದನ್ನು ತಿದ್ದಿಕೊಳ್ಳುತ್ತೇನೆ. ಪುಸ್ತಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ.