ಆಷಾಢದ ಸೇಲೂ ನಮ್ಮ ಚೀಟಿಯೂ

ಪ್ರತಿ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಚೀಟಿ. ಹತ್ತು ಜನ ಹೆಂಗಸರು, ತಲಾ 2,000 ರೂಪಾಯಿ. ಹೆಸರು ಬಂದವಳು 20,000 ಎತ್ತಿಕೊಂಡು ಹೋಗುತ್ತಾಳೆ. ಉಳಿತಾಯಕ್ಕೆ ಅಂತ ಶುರು ಮಾಡಿದ್ದು. ಆದರೆ ಮೈಸೂರಿನಲ್ಲಿ ದೇವರಾಜ ಅರಸು ರಸ್ತೆ ಅಂತ ಒಂದಿದೆ, ನಮ್ಮ ಮನೆಯಿಂದ ಆಟೋದಲ್ಲಿ ಹತ್ತೇ ನಿಮಿಷ. ಉಳಿತಾಯ ಎಷ್ಟು ಹೊತ್ತು ಉಳಿಯುತ್ತೆ ಅಂತ ನೀವೇ ಲೆಕ್ಕ ಹಾಕಿ.

ಈ ಸಲ ಆಷಾಢ ಬೇರೆ. ಆರು ಜನ ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ದುಡ್ಡು ಕೊಟ್ಟು "ಸೇಲ್ ಇದೆ ಕಣ್ರೀ" ಅಂತ ಓಡಿದರು. ಕಾಫಿಗೆ ಉಳಿದವರು ನಾಲ್ಕು ಜನ. ನಾನು, ನನ್ನ ಹೈಸ್ಕೂಲ್ ಗೆಳತಿ ಪದ್ದಿ, ಎದುರುಮನೆ ಸುನೀತಾ, ಮತ್ತು ವಿಮಲಕ್ಕ. ವಿಮಲಕ್ಕ ಬ್ಯಾಂಕಿನಲ್ಲಿ 33 ವರ್ಷ ದುಡಿದು ರಿಟೈರ್ ಆದವರು. ಅವರ ಮುಂದೆ ಸುಮ್ನೆ ಸಕ್ಕರೆ ಡಬ್ಬ ಇಟ್ಟರೂ ಎಷ್ಟು ಚಮಚ ಖಾಲಿಯಾಯಿತು ಅಂತ ಕಣ್ಣಲ್ಲೇ ಎಣಿಸುತ್ತಾರೆ.

ಪದ್ದಿ ಬರುವಾಗ ಒಂದು ಕವರ್ ತಂದು ಸೋಫಾ ಹಿಂದೆ ತಳ್ಳಿದ್ದಳು. ನಾನು ನೋಡಿದೆ. ವಿಮಲಕ್ಕನೂ ನೋಡಿದರು.

"ಏನೇ ಅದು?"

"ಏನಿಲ್ಲ ಕಣೇ, ಒಂದು ಸೀರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಆಗುತ್ತೆ ಅಂತ. 1,800ರ ಸೀರೆ 900ಕ್ಕೆ ಸಿಕ್ತು. 900 ಉಳೀತು."

"ಉಳಿದ 900 ಎಲ್ಲಿದೆ, ತೋರಿಸು," ಅಂದರು ವಿಮಲಕ್ಕ.

ಪದ್ದಿ ಪರ್ಸ್ ಕಡೆ ಕೈ ಹಾಕಿ, ಅರ್ಧಕ್ಕೇ ನಿಲ್ಲಿಸಿದಳು. ಪರ್ಸಿನಲ್ಲಿ ಇದ್ದಿದ್ದು 60 ರೂಪಾಯಿ.

ಈ ಆಷಾಢದ ಸೇಲನ್ನು ಕಂಡುಹಿಡಿದವರಿಗೆ ಒಂದು ನಮಸ್ಕಾರ ಹಾಕಬೇಕು. ಆಷಾಢದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಹಿಂದೆಲ್ಲ ಜವಳಿ ಅಂಗಡಿಯವರು ನೊಣ ಹೊಡೆಯುತ್ತಾ ಕೂರುತ್ತಿದ್ದ ತಿಂಗಳು ಇದು. ಈಗ ಹೇಗಾಗಿದೆ ನೋಡಿ: ಯಾರಿಗೂ ಸೀರೆ ಬೇಡದ ತಿಂಗಳಲ್ಲೇ ಎಲ್ಲರೂ ಸೀರೆ ಕೊಳ್ಳುತ್ತಿದ್ದಾರೆ.

ವಿಮಲಕ್ಕ ಗೋಡೆಯಿಂದ ಹೋದ ತಿಂಗಳ ಕ್ಯಾಲೆಂಡರ್ ಹಾಳೆ ಕಿತ್ತು, ಹಿಂದೆ ತಿರುಗಿಸಿ, ಪೆನ್ನು ಕೇಳಿದರು. ಪೆನ್ನು ಕೇಳಿದರೆ ಯಾರಿಗೋ ಗ್ರಹಚಾರ ಅಂತಲೇ ಅರ್ಥ.

"ಸೀರೆ 900. ಫಾಲ್, ಜಿಗ್‌ಜಾಗ್?"

"130."

"ಬ್ಲೌಸು?"

"ಲೈನಿಂಗ್ ಬಟ್ಟೆ 80, ಹೊಲಿಗೆ 600."

"ಕುಚ್ಚು?"

"ಕುಚ್ಚು ಹಾಕಿಸದೆ ಉಡೋಕಾಗುತ್ತಾ ಅಕ್ಕಾ ಈ ಕಾಲದಲ್ಲಿ? 400."

"ಲಂಗ?"

"ಈ ಬಣ್ಣದ್ದು ನನ್ನ ಹತ್ರ ಇಲ್ಲ. 250. ಬಳೆ 120."

"ಆಟೋ?"

ಪದ್ದಿ ಕಿಟಕಿಯ ಕಡೆ ನೋಡುತ್ತಾ "ಹೋಗ್ತಾ ಬರ್ತಾ 180" ಅಂದಳು.

ವಿಮಲಕ್ಕ ಅಡ್ಡಗೆರೆ ಎಳೆದು ಬರೆದರು: 2,660. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು. ಆ ಟಕ್ ಅನ್ನುವ ಶಬ್ದ ಇದೆಯಲ್ಲ, ಅದಕ್ಕೆ ಅವರ ಬ್ಯಾಂಕಿನಲ್ಲಿ ಎಷ್ಟು ಜನ ಬೆವತಿದ್ದರೋ.

"ಕೌಪೀನದ ಸನ್ಯಾಸಿ ಕಥೆ ಗೊತ್ತಲ್ಲ?" ಅಂತ ಕೇಳಿದರು. ನನಗೂ ಪದ್ದಿಗೂ ಗೊತ್ತು. ಸುನೀತಾಗೆ ಗೊತ್ತಿರಲಿಲ್ಲ, ಹೇಳಬೇಕಾಯಿತು. ಸನ್ಯಾಸಿಯ ಕೌಪೀನವನ್ನು ಇಲಿ ಕಡಿಯಿತು. ಇಲಿಗೆ ಅಂತ ಬೆಕ್ಕು ಸಾಕಿದ. ಬೆಕ್ಕಿಗೆ ಹಾಲು ಬೇಕು ಅಂತ ಹಸು ತಂದ. ಹಸುವಿಗೆ ಹುಲ್ಲು ಬೇಕು ಅಂತ ಹೊಲ ಮಾಡಿದ. ಇದನ್ನೆಲ್ಲ ನೋಡಿಕೊಳ್ಳೋಕೆ ಕೊನೆಗೆ ಮದುವೆಯೇ ಆದ.

"ಅವನಿಗೇನು, ಫಾಲ್ ಜಿಗ್‌ಜಾಗಿನ ಖರ್ಚಿರಲಿಲ್ಲ," ಅಂದಳು ಪದ್ದಿ.

ನಕ್ಕೆವು. ಆದರೆ ನನಗೆ ಅಮ್ಮನ ಮೈಸೂರು ರೇಷ್ಮೆ ಸೀರೆ ನೆನಪಾಯಿತು. ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯ ಮಳಿಗೆಯಲ್ಲಿ ಕೊಂಡದ್ದು. ಅಪ್ಪ ಎರಡು ತಿಂಗಳು ಯೋಚನೆ ಮಾಡಿ, ಮೂರನೇ ತಿಂಗಳು ಸಂಬಳದ ದಿನ ಕರೆದುಕೊಂಡು ಹೋಗಿದ್ದರು. ಅದನ್ನು ಅಮ್ಮ ಮೂವತ್ತು ವರ್ಷ ಉಟ್ಟರು, ಈಗ ನಾನು ಉಡುತ್ತೇನೆ, ಜರಿ ಇನ್ನೂ ಹೊಳೆಯುತ್ತಿದೆ. ನನ್ನ ಬೀರುವಿನಲ್ಲಿ ಸೇಲಿನ ಸೀರೆಗಳು ಹದಿನೇಳಿವೆ. ಅದರಲ್ಲಿ ನಾಲ್ಕಕ್ಕೆ ಇನ್ನೂ ಫಾಲ್ ಹಾಕಿಸಿಲ್ಲ. ಇದನ್ನು ಅವತ್ತು ಬಾಯಿ ಬಿಟ್ಟು ಹೇಳಲಿಲ್ಲ. ಕ್ಯಾಲೆಂಡರ್ ಹಾಳೆಯಲ್ಲಿ ಇನ್ನೂ ಜಾಗ ಇತ್ತು.

"ನೀವೆಲ್ಲ ಅಂಗಡಿಗಾದ್ರೂ ಹೋಗ್ತೀರಾ ಆಂಟಿ," ಅಂದಳು ಸುನೀತಾ. "ನಾನು ಮಂಚದಿಂದ ಇಳಿಯೋದೇ ಇಲ್ಲ. ಮೊನ್ನೆ ತಿಳಿಸಾರಿಗೆ ಕೊತ್ತಂಬರಿ ಇರ್ಲಿಲ್ಲ. ಒಂದು ಕಟ್ಟು 15 ರೂಪಾಯಿ. ಆ್ಯಪ್ ತೆಗೆದ್ರೆ, 199 ದಾಟಿದ್ರೆ ಡೆಲಿವರಿ ಫ್ರೀ ಅಂತು. ಇಲ್ಲಾಂದ್ರೆ 30 ರೂಪಾಯಿ."

"ಆಮೇಲೆ?"

"30 ರೂಪಾಯಿ ಯಾಕೆ ದಂಡ ಅಂತ ಚಿಪ್ಸ್ ಹಾಕ್ದೆ. ಇನ್ನೂ ಸಾಲ್ದು ಅಂತು. ಚಾಕೊಲೇಟ್ ಹಾಕ್ದೆ. ಇನ್ನು 40 ರೂಪಾಯಿಗೆ ಹಾಕಿ ಅಂತು. ಪಾತ್ರೆ ತಿಕ್ಕೋ ಸ್ಪಂಜು ಹಾಕ್ದೆ. 212 ಆಯ್ತು."

"ತಿಳಿಸಾರು ಚೆನ್ನಾಗಿತ್ತಾ?"

"ಚಿಪ್ಸ್ ತಿಂದು ಹೊಟ್ಟೆ ತುಂಬಿಹೋಯ್ತು ಆಂಟಿ, ಸಾರು ಮಾಡ್ಲೇ ಇಲ್ಲ."

ಇವೆಲ್ಲ ಬೇಕಂತಲೇ ಮಾಡುವ ಮೋಡಿ ಅಂತ ಸುನೀತಾಳೇ ವಿವರಿಸಿದಳು. ಅವಳು ಇಂಥ ಆ್ಯಪ್‌ಗಳನ್ನು ಬರೆಯುವವರ ಪೈಕಿ. ಬೆಕ್ಕೇ ಬಂದು ಹಾಲಿನ ಲೆಕ್ಕ ಹೇಳಿದ ಹಾಗಿತ್ತು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಕುತಂತ್ರಗಳ ಪಟ್ಟಿ ಮಾಡಿ, ಇವನ್ನು ಮಾಡಕೂಡದು ಅಂತ ನಿಯಮ ತಂದಿದೆಯಂತೆ. ನಮಗೆ ಗೊತ್ತಿಲ್ಲದ ಹಾಗೆ ಬುಟ್ಟಿಗೆ ಏನಾದರೂ ತುರುಕುವುದು ಒಂದು. ಬೇಡ ಅನ್ನುವ ಬಟನ್ ಮೇಲೆ ನಾಚಿಕೆ ಆಗುವ ಹಾಗೆ ಏನಾದರೂ ಬರೆದಿಡುವುದು ಇನ್ನೊಂದು. ಸುಳ್ಳು ಸುಳ್ಳೇ ಅವಸರ ಹುಟ್ಟಿಸುವುದು ಮತ್ತೊಂದು – "ಇನ್ನು ಎರಡೇ ಉಳಿದಿವೆ", "ಈಗಲೇ 38 ಜನ ನೋಡುತ್ತಿದ್ದಾರೆ" ಅಂತ.

"ಇದರಲ್ಲಿ ಹೊಸದೇನಿದೆಯೇ?" ಅಂತ ಪದ್ದಿಗೆ ಆಶ್ಚರ್ಯ. "ನಾನು ಸೀರೆ ತಗೊಳೋ ಅಂಗಡಿಯವನು 'ಲಾಸ್ಟ್ ಪೀಸ್ ಅಕ್ಕಾ' ಅಂತ ಇಪ್ಪತ್ತೈದು ವರ್ಷದಿಂದ ಹೇಳ್ತಾನೇ ಇದ್ದಾನೆ. ಬೇಡ ಅಂದ್ರೆ 'ನಿಮ್ಮಂಥೋರೇ ಹೀಗಂದ್ರೆ ಹೇಗಕ್ಕಾ' ಅಂತಾನೆ. ಅವನಿಗೆ ಯಾರು ನಿಯಮ ತಂದ್ರು?"

ಕಾಫಿ ಎರಡನೇ ಸುತ್ತಿಗೆ ಬಂತು. ಜೊತೆಗೆ ಏನಾದರೂ ಕೊಡೋಣ ಅಂತ ಅಡುಗೆಮನೆಗೆ ಎದ್ದೆ. ಅಷ್ಟರಲ್ಲಿ ಪದ್ದಿ "ಆ ಏರ್ ಫ್ರೈಯರ್‌ನಲ್ಲಿ ಬಜ್ಜಿ ಮಾಡೇ" ಅಂದಳು. ಬೇಕಂತಲೇ ಅಂದಿದ್ದು. ಅವಳಿಗೆ ಕಥೆ ಗೊತ್ತಿತ್ತು. ವಿಮಲಕ್ಕನಿಗೆ ಗೊತ್ತಿರಲಿಲ್ಲ.

ಹೋದ ವರ್ಷ ನನ್ನ ಹೆಸರಿಗೆ ಚೀಟಿ ಬಂದಾಗ 6,000 ಕೊಟ್ಟು ಕೊಂಡದ್ದು. ಎಣ್ಣೆ ಉಳಿಯುತ್ತೆ, ಯಜಮಾನರ ಕೊಲೆಸ್ಟ್ರಾಲ್ ಇಳಿಯುತ್ತೆ ಅಂತ ಎರಡು ಆಸೆ. ಮೊದಲ ಭಾನುವಾರವೇ ಮೆಣಸಿನಕಾಯಿ ಬಜ್ಜಿ ಮಾಡಲು ಕೂತೆ. ಕಡಲೆಹಿಟ್ಟು ಹದವಾಗಿ ಕಲಸಿ, ಓಮ ಉಜ್ಜಿ ಹಾಕಿ, ಮೆಣಸಿನಕಾಯಿ ಅದ್ದಿ ಬುಟ್ಟಿಯಲ್ಲಿ ಸಾಲಾಗಿ ಮಲಗಿಸಿದೆ. ಆ ಬುಟ್ಟಿಯ ತಳದಲ್ಲಿ ತೂತುಗಳಿರುತ್ತವೆ. ಹಿಟ್ಟಿಗೆ ಅದು ನನಗಿಂತ ಮೊದಲೇ ಗೊತ್ತಾಯಿತು. ಹತ್ತು ನಿಮಿಷ ಬಿಟ್ಟು ಎಳೆದರೆ ಮೇಲೆ ಬರೀ ಮೈಯಲ್ಲಿ ಬಾಡಿದ ಮೆಣಸಿನಕಾಯಿ, ಕೆಳಗೆ ಕಡಲೆಹಿಟ್ಟಿನ ಒಂದು ದಪ್ಪ ರೊಟ್ಟಿ. ಯಜಮಾನರು ಎರಡನ್ನೂ ನೋಡಿ, "ಯಾವುದನ್ನ ಮೊದಲು ತಿನ್ನಬೇಕು?" ಅಂತ ತುಂಬಾ ಮರ್ಯಾದೆಯಿಂದ ಕೇಳಿದರು. ಮತ್ತೆ ಬಾಣಲೆ ಇಟ್ಟು, ಎಣ್ಣೆ ಸುರಿದೆ.

ಪೆನ್ನಿನ ಮುಚ್ಚಳ ಮತ್ತೆ ತೆರೆಯಿತು.

"ಕರಿಯೋದಕ್ಕೆ ಅಂತ ತಿಂಗಳಿಗೆ ಎಷ್ಟು ಎಣ್ಣೆ ಹಿಡಿಯುತ್ತೆ ನಿಮ್ಮನೇಲಿ?"

"ಅರ್ಧ ಲೀಟರ್ ಅಕ್ಕಾ."

"ಲೀಟರಿಗೆ 150 ಅಂತ ಇಟ್ಕೊ. ತಿಂಗಳಿಗೆ ಉಳಿಯೋದು 75. ಆರು ಸಾವಿರ ವಾಪಸ್ ಬರೋಕೆ 80 ತಿಂಗಳು. ಆರು ವರ್ಷ ಎಂಟು ತಿಂಗಳು. ವಾರಂಟಿ ಎಷ್ಟು?"

"ಒಂದು ವರ್ಷ."

"ಕರೆಂಟು?"

ಇದು ಗಾಯದ ಮೇಲೆ ಬರೆ. ಗೃಹಜ್ಯೋತಿ ಬಂದ ಮೇಲೆ, ಅಂದರೆ 2023ರ ಆಗಸ್ಟ್‌ನಿಂದ, ನಮ್ಮ ಮನೆಗೆ ಸೊನ್ನೆ ಬಿಲ್ಲು. ಅದಕ್ಕೂ ಒಂದು ಮಿತಿ ಇದೆ. ಅದರ ಹಿಂದಿನ ವರ್ಷದ ಸರಾಸರಿಗೆ ಶೇ. 10 ಸೇರಿಸಿ ಎಷ್ಟಾಗುತ್ತೋ ಅಷ್ಟು ಫ್ರೀ, ಮೇಲಿನದಕ್ಕೆ ದುಡ್ಡು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಮಿತಿಯ ಅಂಚಿನಲ್ಲೇ ಬಾಳುತ್ತಿದ್ದವರು ನಾವು. ಈ ಯಂತ್ರ ಒಂದು ಗಂಟೆ ಉರಿದರೆ ಒಂದೂವರೆ ಯೂನಿಟ್ ಹತ್ತಿರ ತಿನ್ನುತ್ತೆ. ಆ ತಿಂಗಳು ಮೀಟರ್ ಓದುವ ಹುಡುಗ ಚೀಟಿ ಹರಿದು ಕೈಗಿಟ್ಟಾಗ, ಸೊನ್ನೆಯ ಜಾಗದಲ್ಲಿ ಅಂಕಿ ಕೂತಿತ್ತು. ಮಾರನೇ ದಿನ ಯಂತ್ರ ಅಟ್ಟ ಹತ್ತಿತು. ಅಲ್ಲಿ ಅದಕ್ಕೆ ಸಂಗಾತಿಗಳಿಗೇನೂ ಕೊರತೆ ಇರಲಿಲ್ಲ. ರೊಟ್ಟಿ ಮೇಕರ್, ಕಾಲು ಒತ್ತುವ ಯಂತ್ರ, ಒಂದೇ ಥರದ ಎರಡು ಚಕ್ಕುಲಿ ಒರಳು. ಒಂದಿದೆ ಅನ್ನುವುದೇ ಮರೆತು ಎರಡನೆಯದು ತಂದಿದ್ದೆ.

"ಕಂತಿನಲ್ಲಿ ತಗೊಂಡ್ಯೇನೇ?" ಅಂತ ವಿಮಲಕ್ಕ ಹುಬ್ಬು ಏರಿಸಿದರು.

"ಇಲ್ಲಕ್ಕಾ, ರೊಕ್ಕ ಕೊಟ್ಟೆ."

"ನಾನು ವಾಷಿಂಗ್ ಮಷೀನ್ ಕಂತಲ್ಲಿ ತಗೊಂಡೆ, ಬಡ್ಡಿ ಇಲ್ಲದ್ದು," ಅಂದಳು ಪಾಪ ಸುನೀತಾ. ಬಾಯಿ ಬಿಡಬಾರದಿತ್ತು.

"ಬಡ್ಡಿ ಇಲ್ಲದ ಸಾಲ ಅಂತ 33 ವರ್ಷದಲ್ಲಿ ನಾನೊಂದು ದಿನಾನೂ ನೋಡಿಲ್ಲಮ್ಮಾ. ಸೊನ್ನೆ ಬಡ್ಡಿ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಬಡ್ಡಿ ಇದ್ದೇ ಇರುತ್ತೆ. ಅಷ್ಟು ದುಡ್ಡನ್ನ ಬೆಲೆಯಲ್ಲಿ ರಿಯಾಯಿತಿ ಅಂತ ತೋರಿಸ್ತಾರೆ. ಆ ಬಡ್ಡಿ ಮೇಲೆ ಶೇ. 18 ಜಿಎಸ್‌ಟಿ ನಿನ್ನ ಕಾರ್ಡಿಗೇ ಬೀಳುತ್ತೆ. ಪ್ರೊಸೆಸಿಂಗ್ ಫೀ ಬೇರೆ. ಫ್ರೀ ಅಂದ ತಕ್ಷಣ ಪರ್ಸ್ ಗಟ್ಟಿಯಾಗಿ ಹಿಡ್ಕೋಬೇಕು."

ಸುನೀತಾ ಫೋನ್ ತೆಗೆದು ಹಳೇ ಬಿಲ್ಲು ಹುಡುಕಿದಳು. ಎರಡು ನಿಮಿಷ ಮಾತಿಲ್ಲ. ಆಮೇಲೆ ಸದ್ದಿಲ್ಲದೆ ಫೋನ್ ಮಗುಚಿಟ್ಟಳು.

ಆಮೇಲೆ ಮಾತು ಫೋನಿನ ಕಡೆಗೇ ತಿರುಗಿತು. ಯುಪಿಐ ಬಂದಿದ್ದು 2016ರಲ್ಲಿ. ಅದಕ್ಕೆ ಮುಂಚೆ 500ರ ನೋಟು ಮುರಿಸಬೇಕಾದರೆ ಅಂಗಡಿ ಮುಂದೆ ಎರಡು ಸಲ ಯೋಚಿಸುತ್ತಿದ್ದೆವು. ನೋಟು ಮುರಿದರೆ ಹೋಯಿತು ಅಂತ ಗೊತ್ತಿತ್ತು. ಈಗ ಮುರಿಸುವುದಕ್ಕೆ ನೋಟೇ ಇಲ್ಲ, ಟಿಣ್ ಅಂದರೆ ಆಯಿತು. ಪದ್ದಿಗೆ ಮಾತ್ರ ಒಂದು ತಕರಾರು. ಪಾನಿಪೂರಿ ಗಾಡಿಯಲ್ಲಿ ಆ ಪೆಟ್ಟಿಗೆ "ನೂರಾ ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತೆ, ಡಯಟ್‌ನಲ್ಲಿ ಇರುವವರ ಮರ್ಯಾದೆ ಏನಾಗಬೇಕು?

ಎದ್ದು ಹೊರಡುವ ಮುಂಚೆ ವಿಮಲಕ್ಕ ಒಂದು ಕರಾರು ಮಾಡಿದರು. ಏನಾದರೂ ಕೊಳ್ಳಬೇಕು ಅನ್ನಿಸಿದರೆ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮನೆಯಲ್ಲಿ ಬರೆಯಬೇಕು. ಕೊಳ್ಳಬಾರದು. ಮುಂದಿನ ಚೀಟಿ ದಿನವೂ ಅದು ಬೇಕು ಅನ್ನಿಸಿದರೆ ಆಗ ಕೊಳ್ಳಬಹುದು. ದಿನಸಿ, ಔಷಧಿಗೆ ವಿನಾಯಿತಿ. "ಸೀರೆ ದಿನಸಿ ಅಲ್ಲ," ಅಂತ ಪದ್ದಿಯನ್ನು ನೋಡಿ ಸೇರಿಸಿದರು.

ಮುಂದಿನ ತಿಂಗಳು ಮೂವರೂ ಲೆಕ್ಕ ಒಪ್ಪಿಸಿದೆವು. ಪದ್ದಿಯ ಕ್ಯಾಲೆಂಡರಿನಲ್ಲಿ ಹನ್ನೊಂದು ಆಸೆಗಳಿದ್ದವು. ಅದರಲ್ಲಿ "ಸ್ಟೀ. ಜಾ." ಅಂತ ಎರಡು ಕಡೆ ಬರೆದಿದ್ದಳು. ಸ್ಟೀಲ್ ಜಾಲರಿಯೋ ಸ್ಟೀಲ್ ಜಾರೋ ಅವಳಿಗೇ ನೆನಪಿಲ್ಲ. ಎರಡೂ ಬೇಡವಾಯಿತು. ಸುನೀತಾ ಆ್ಯಪಿನ ಬುಟ್ಟಿಗೆ ಹಾಕಿ ಬಿಟ್ಟಿದ್ದು ಹದಿನಾಲ್ಕು ಸಾಮಾನು. "ನಿಮ್ಮ ಬುಟ್ಟಿ ನಿಮಗಾಗಿ ಕಾಯುತ್ತಿದೆ" ಅಂತ ದಿನಾ ಮೆಸೇಜು ಬರುತ್ತಿತ್ತಂತೆ. ಅಮ್ಮ ಕೂಡ ಇಷ್ಟು ಸಲ ವಿಚಾರಿಸಲ್ಲ ಆಂಟಿ ಅಂದಳು. ಕೊಂಡಿದ್ದು ಎರಡು.

ನಾನು ಬರೆದಿದ್ದು ಒಂದೇ ಒಂದು. 14ನೇ ತಾರೀಖಿನ ಮನೆಯಲ್ಲಿ "ಕಾಯಿ ತುರಿಯೋದು, ಹ್ಯಾಂಡಲ್ ತಿರುಗಿಸೋದು" ಅಂತ. ಮನೆಯಲ್ಲಿ ಅತ್ತೆಯ ಕಾಲದ ತುರಿಮಣೆ ಇದೆ. ನನ್ನ ಮಂಡಿ ಅದರ ಮೇಲೆ ಕೂರುವುದಕ್ಕೆ ಒಪ್ಪುವುದಿಲ್ಲ, ಅಷ್ಟೇ. ಆದರೂ ಕಾಯೋಣ ಅಂತ ಬರೆದು ಸುಮ್ಮನಿದ್ದೆ.

ನಮ್ಮ ಯಜಮಾನರು ದಿನಾ ಹಾಲಿನ ಲೆಕ್ಕ ಬರೆಯುವುದು ಅದೇ ಕ್ಯಾಲೆಂಡರಿನಲ್ಲಿ. ಮದುವೆಯಾಗಿ 27 ವರ್ಷದಲ್ಲಿ ಹೇಳದೆ ಕೇಳದೆ ಒಂದು ಮಾರು ಮಲ್ಲಿಗೆ ತಂದ ಮನುಷ್ಯ ಅಲ್ಲ ಅವರು. 14ರ ಮನೆ ಓದಿ, ಪಾಪ ಇವಳು ಬಾಯಿ ಬಿಟ್ಟು ಕೇಳೋಕೆ ಸಂಕೋಚಪಟ್ಟು ಬರೆದಿಟ್ಟಿದ್ದಾಳೆ ಅಂದುಕೊಂಡರಂತೆ. 16ನೇ ತಾರೀಖು ಸಂಜೆ ಪಾರ್ಸೆಲ್ ಬಂತು. ಬಿಚ್ಚಿದರೆ ಎರಡು.

"ಒಂದಕ್ಕೆ ಒಂದು ಫ್ರೀ ಇತ್ತು," ಅಂದರು. ಮುಖದಲ್ಲಿ ಅದೇನು ಹೆಮ್ಮೆ! ಬೈಯೋದಕ್ಕೆ ಬಾಯಿ ಬರಲಿಲ್ಲ.

ಇಷ್ಟನ್ನೂ ಹೇಳಿ, ಎರಡನ್ನೂ ತಂದು ಟೀಪಾಯಿ ಮೇಲಿಟ್ಟೆ. ಪದ್ದಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅದು ಹಬ್ಬಕ್ಕೆ ಅಂತ ಇಟ್ಟಿದ್ದ ಅದೇ 2,660ರ ಸೀರೆ, ಇವತ್ತೇ ಉಟ್ಟುಬಂದಿದ್ದಳು. ವಿಮಲಕ್ಕ ನಗಲಿಲ್ಲ. ಒಂದನ್ನು ಕೈಗೆತ್ತಿಕೊಂಡು ಹಲ್ಲು ಮುಟ್ಟಿ ನೋಡಿದರು. ಕೆಳಗಿನ ರಬ್ಬರನ್ನು ಟೀಪಾಯಿಗೆ ಒತ್ತಿ, ಹ್ಯಾಂಡಲ್ ಎರಡು ಸುತ್ತು ತಿರುಗಿಸಿದರು. ಎತ್ತಲು ಹೋದರೆ ಟೀಪಾಯಿಯೂ ಜೊತೆಗೆ ಎದ್ದಿತು.

"ಹಿಡಿತ ಚೆನ್ನಾಗಿದೆ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದನ್ನ ಏನು ಮಾಡ್ತೀಯಾ?"

"ಅಟ್ಟಕ್ಕೆ ಹಾಕ್ಬೇಕು ಅಕ್ಕಾ. ನಿಮಗೆ ಬೇಕಿತ್ತಾ?"

"ನನಗ್ಯಾಕೆ. ಮನೇಲಿ ಮಿಕ್ಸಿ ಇದೆ." ಹ್ಯಾಂಡಲ್ ಇನ್ನೊಂದು ಸುತ್ತು ತಿರುಗಿತು. "ಎಷ್ಟು ಬಿತ್ತು ಇದಕ್ಕೆ?"

"ಅದು ಫ್ರೀ ಬಂದಿದ್ದಲ್ವಾ ಅಕ್ಕಾ."

ವಿಮಲಕ್ಕ ಚೀಲದ ಬಾಯಿ ಅಗಲಿಸಿದರು. "ಹಾಗಾದ್ರೆ ಇದನ್ನ ಲೆಕ್ಕಕ್ಕೆ ಬರ್ಕೋಬೇಡ."