ಹಳೆ ಪಿಸಿಗೆ ಯಾವ ಆಂಟಿವೈರಸ್ ಕೊಳ್ಳಲಿ? ಸಿಸ್ಟಮ್ ತುಂಬಾ ನಿಧಾನ, ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್ ಆನ್ ಆಗ್ತಿಲ್ಲ (ದಾವಣಗೆರೆ)

ವಿದ್ಯಾನಗರ_ಪಿಸಿ (ದಾವಣಗೆರೆ)

ನಮಸ್ಕಾರ. ಮನೆ ಡೆಸ್ಕ್‌ಟಾಪ್‌ಗೆ ಒಂದು ಒಳ್ಳೆ ಆಂಟಿವೈರಸ್ ಬೇಕಿತ್ತು, ದುಡ್ಡು ಕೊಟ್ಟು ಕೊಳ್ಳೋದಕ್ಕೂ ಸಿದ್ಧ. ಇಂಟೆಲ್ ಐ3 7ನೇ ತಲೆಮಾರು, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಕಂಪ್ಯೂಟರ್ ಜೊತೆಗೇ ಬಂದ ಒರಿಜಿನಲ್ ವಿಂಡೋಸ್ 10 ಹೋಮ್. ನೆಟ್ ಬ್ಯಾಂಕಿಂಗ್, ಮಕ್ಕಳ ಓದು, ನುಡಿಯಲ್ಲಿ ಟೈಪಿಂಗ್, ಇಷ್ಟೇ ಬಳಕೆ. ಟೈಪ್ ಮಾಡಿದ್ದನ್ನು ಪೆನ್‌ಡ್ರೈವ್‌ನಲ್ಲಿ ಜೆರಾಕ್ಸ್ ಅಂಗಡಿಗೆ ಒಯ್ದು ಪ್ರಿಂಟ್ ತೆಗೆಸ್ತೀವಿ. ನೆಟ್ ಮೊಬೈಲ್ ಹಾಟ್‌ಸ್ಪಾಟ್‌ನಿಂದ.

ಸಮಸ್ಯೆ ಹೀಗಿದೆ: ಆನ್ ಮಾಡಿ ಹತ್ತು ನಿಮಿಷ ಡಿಸ್ಕ್ 100% ತೋರಿಸುತ್ತೆ. ಲೈಸೆನ್ಸ್ ಮುಗಿದಿರೋ ಪಾವತಿ ಆಂಟಿವೈರಸ್ ಒಂದು, ಆಮೇಲೆ ಹಾಕಿಸಿದ ಉಚಿತದ್ದು ಇನ್ನೊಂದು, ಎರಡೂ ಇವೆ. ಎಂಎಸ್ ಆಫೀಸ್ ಅಂಗಡಿಯಲ್ಲಿ ಹಾಕಿಸಿದ್ದು, ಲೈಸೆನ್ಸ್ ಇಲ್ಲದೆ ಅದನ್ನು ಓಡಿಸೋ ಆಕ್ಟಿವೇಟರ್ ಬಳಸಿದ್ದಾರೆ. ವಿಂಡೋಸ್ ಸೆಕ್ಯೂರಿಟಿ ತೆಗೆದರೆ "ಯುವರ್ ಆರ್ಗನೈಸೇಷನ್" ನಿರ್ವಹಿಸುತ್ತಿದೆ ಅಂತ ಕೆಂಪಕ್ಷರ ಬರುತ್ತೆ. ಬಲಗಡೆ ಕೆಳಮೂಲೆಯಲ್ಲಿ "ನಿಮ್ಮ ಪಿಸಿಯಲ್ಲಿ 5 ವೈರಸ್ ಇವೆ" ಅಂತ ಆಗಾಗ ಕಿಟಕಿ ಏಳುತ್ತೆ. ಯಾವ ಆಂಟಿವೈರಸ್ ತಗೊಳ್ಳಲಿ?

ಕೋಟೆನಾಡು_ಸಿಸ್ಟಮ್ಸ್ (ಚಿತ್ರದುರ್ಗ)

ಸರ್, ಈಗಲೇ ಏನೂ ಕೊಳ್ಳಬೇಡಿ. ಮೂರನೆಯದು ಹಾಕಿದರೆ ಪಿಸಿ ಇನ್ನಷ್ಟು ಕುಸಿಯುತ್ತೆ, ರಕ್ಷಣೆ ಮಾತ್ರ ಹೆಚ್ಚೋದಿಲ್ಲ.

ಯಾವುದೇ ಫೈಲ್ ತೆರೆಯುವ ಮುನ್ನ ಅದನ್ನು ತಡೆದು ನೋಡಲು ಆಂಟಿವೈರಸ್ ಒಂದು ಫಿಲ್ಟರ್ ಡ್ರೈವರ್ ಕೂರಿಸುತ್ತೆ. ಅಂಥವು ಎರಡಿದ್ದರೆ ಪ್ರತಿ ಫೈಲಿಗೂ ಎರಡು ಸಲ ತಪಾಸಣೆ. ಒಂದು ಓದಲು ತೆರೆದ ಫೈಲನ್ನು ಇನ್ನೊಂದು ಮತ್ತೆ ಪರೀಕ್ಷೆಗೆ ಹಿಡಿಯುತ್ತೆ. ತಿರುಗುವ ಹಾರ್ಡ್ ಡಿಸ್ಕ್ ಆ ಹೊರೆ ತಾಳೋದಿಲ್ಲ, ನಿಮ್ಮ 100% ಬಹುಪಾಲು ಅಲ್ಲಿಂದಲೇ ಬರ್ತಿರಬೇಕು.

ಕೆಳಮೂಲೆಯ ಕಿಟಕಿ ಬಹುತೇಕ ವೈರಸ್ ಎಚ್ಚರಿಕೆಯೇ ಅಲ್ಲ, ಯಾವುದೋ ವೆಬ್‌ಸೈಟಿಗೆ "ಅಲೋ" ಒತ್ತಿದ್ದರಿಂದ ಬರುವ ನೋಟಿಫಿಕೇಷನ್. ಅದರಲ್ಲಿ ಸಣ್ಣಕ್ಷರದಲ್ಲಿ ಕ್ರೋಮ್ ಎಂದೂ ಒಂದು ವೆಬ್ ವಿಳಾಸವೂ ಇದ್ದರೆ ಖಾತ್ರಿ. ಕ್ರೋಮ್ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್. ಅಲ್ಲಿ "ಅಲೋ" ಪಟ್ಟಿಯಲ್ಲಿ ಗುರುತಿಲ್ಲದ್ದನ್ನೆಲ್ಲ ತೆಗೆಯಿರಿ. ಆ ಕಿಟಕಿಯೊಳಗಿನ "ಸ್ಕ್ಯಾನ್" ಬಟನ್ ಮಾತ್ರ ಮುಟ್ಟಬೇಡಿ, ಅದರಲ್ಲಿರುವ ನಂಬರಿಗೆ ಫೋನೂ ಮಾಡಬೇಡಿ.

ಈಗ ಮುಖ್ಯ ಕೆಲಸ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎರಡೂ ಆಂಟಿವೈರಸ್ ಅನ್‌ಇನ್‌ಸ್ಟಾಲ್ ಮಾಡಿ. ಒಂದು ತೆಗೆದು ರೀಸ್ಟಾರ್ಟ್, ಆಮೇಲೆ ಇನ್ನೊಂದು, ಮತ್ತೆ ರೀಸ್ಟಾರ್ಟ್. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಫ್, ಎಲ್, ಟಿ, ಎಂ, ಸಿ ಈ ಐದು ಅಕ್ಷರ ಸ್ಪೇಸ್ ಇಲ್ಲದೆ ಒತ್ತಿ ಎಂಟರ್ ಹೊಡೆಯಿರಿ. ಕೂತಿರುವ ಫಿಲ್ಟರ್‌ಗಳ ಪಟ್ಟಿ ಬರುತ್ತೆ, ಒಂದು ಕಾಲಂನಲ್ಲಿ "ಆಲ್ಟಿಟ್ಯೂಡ್" ಸಂಖ್ಯೆ ಇರುತ್ತೆ. 32ರಿಂದ ಶುರುವಾಗುವ ಆರಂಕಿ ಸಂಖ್ಯೆ, ಅಂದರೆ 320000ರಿಂದ 329999ರೊಳಗಿನದು, ಆಂಟಿವೈರಸ್‌ಗೆಂದೇ ಮೀಸಲು. ಡಬ್ಲ್ಯುಡಿಫಿಲ್ಟರ್ 328010 ಅನ್ನೋದು ಡಿಫೆಂಡರ್‌ನದು. ಆ ವ್ಯಾಪ್ತಿಯಲ್ಲಿ ಅದೊಂದೇ ಇರಬೇಕು. ಪಟ್ಟಿಯಲ್ಲಿ ಏನು ಕಂಡಿತು ಅಂತ ಬರೆಯಿರಿ.

ವಿದ್ಯಾನಗರ_ಪಿಸಿ

ಎರಡೂ ತೆಗೆದೆ. ಕ್ರೋಮ್ ಪಟ್ಟಿಯಲ್ಲಿ ಗುರುತಿಲ್ಲದ ಸೈಟ್‌ಗಳು ಸಾಲಾಗಿದ್ದವು, ತೆಗೆದ ಮೇಲೆ ಆ ಕಿಟಕಿ ನಿಂತಿದೆ. ಐದಕ್ಷರದ ಕಮಾಂಡಿನಲ್ಲಿ 328010 ಇದೆ, ಆದರೆ ಲೈಸೆನ್ಸ್ ಮುಗಿದಿದ್ದ ಆಂಟಿವೈರಸ್ ಹೆಸರಿನದ್ದೂ ಒಂದು 32ರಿಂದ ಶುರುವಾಗುವ ಸಾಲಿದೆ. ಡಿಫೆಂಡರ್ ತಾನಾಗಿ ಹಸಿರು ತೋರಿಸ್ತಿದೆ. ಆದರೆ ರಿಯಲ್ ಟೈಮ್ ಪ್ರೊಟೆಕ್ಷನ್ ಸ್ವಿಚ್ ಮಸುಕಾಗಿದೆ, ಒತ್ತಲು ಬರೋದಿಲ್ಲ. ಆರ್ಗನೈಸೇಷನ್ ಅನ್ನೋ ಕೆಂಪಕ್ಷರ ಹಾಗೇ ಇದೆ. ಇದು ಮನೆ ಪಿಸಿ, ಯಾವ ಆಫೀಸಿಗೂ ಸೇರಿದ್ದಲ್ಲ.

ಕೋಟೆನಾಡು_ಸಿಸ್ಟಮ್ಸ್

ಉಳಿದಿರೋ ಆ ಸಾಲು ಅರ್ಧ ಕಿತ್ತ ಆಂಟಿವೈರಸ್‌ನದು. ದೊಡ್ಡ ಕಂಪನಿಗಳೆಲ್ಲ ಪೂರ್ತಿ ತೆಗೆಯಲೆಂದೇ ಒಂದು ರಿಮೂವಲ್ ಟೂಲ್ ಕೊಡುತ್ತವೆ. ಅದೇ ಕಂಪನಿಯ ಸೈಟಿನಿಂದಲೇ ಇಳಿಸಿಕೊಳ್ಳಿ, ಬೇರೆ ಡೌನ್‌ಲೋಡ್ ಸೈಟ್ ಬೇಡ. ಸೇಫ್ ಮೋಡ್‌ಗೆ ಹೋಗಿ ಓಡಿಸಿ: ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತೆ ರೀಸ್ಟಾರ್ಟ್, ಆಮೇಲೆ 4 ಒತ್ತಬೇಕು.

ನನಗೆ ನಿಜವಾಗಿ ಆತಂಕ ತರೋದು ಎರಡನೇ ವಿಷಯ. ಮನೆ ಪಿಸಿಯಲ್ಲಿ "ಆರ್ಗನೈಸೇಷನ್" ಅಂತ ಬಂತೆಂದರೆ ವಿಂಡೋಸ್ ಸೆಟ್ಟಿಂಗ್‌ಗಳೆಲ್ಲ ಇರುವ ರಿಜಿಸ್ಟ್ರಿಯಲ್ಲಿ, ಆಫೀಸಿನವರು ನಿಯಮ ಹೇರುವ ಪಾಲಿಸಿ ಜಾಗದಲ್ಲಿ ಯಾರೋ ಕೈಯಾಡಿಸಿದ್ದಾರೆ ಅಂತ ಬಹುತೇಕ ಅರ್ಥ. ಎಷ್ಟೋ ಆಫೀಸ್ ಆಕ್ಟಿವೇಟರ್‌ಗಳು ತಮ್ಮನ್ನು ಡಿಫೆಂಡರ್ ಹಿಡಿಯದಿರಲಿ ಅಂತ ಈ ಕೆಲಸ ಮಾಡುತ್ತವೆ. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ತೀರಾ ಕೆಳಗೆ "ಆಡ್ ಆರ್ ರಿಮೂವ್ ಎಕ್ಸ್‌ಕ್ಲೂಷನ್ಸ್" ತೆರೆಯಿರಿ. ಅಲ್ಲಿರುವ ಯಾವ ಫೋಲ್ಡರನ್ನೂ ಡಿಫೆಂಡರ್ ನೋಡೋದಿಲ್ಲ. ಮಾಮೂಲಿ ಮನೆ ಪಿಸಿಯಲ್ಲಿ ಈ ಪಟ್ಟಿ ಖಾಲಿ ಇರಬೇಕು.

ವಿದ್ಯಾನಗರ_ಪಿಸಿ

ಎರಡು ಸಾಲಿವೆ. ಒಂದು ಸಿ ಡ್ರೈವ್ ಪೂರ್ತಿ. ಇನ್ನೊಂದು ಆಕ್ಟಿವೇಟರ್ ಇರೋ ಫೋಲ್ಡರ್. ಫೋಲ್ಡರಿನ ಸಾಲಿಗೆ "ರಿಮೂವ್" ಬರ್ತಿದೆ, ಸಿ ಡ್ರೈವ್ ಸಾಲಿಗೆ ಬರ್ತಿಲ್ಲ.

ಕೋಟೆನಾಡು_ಸಿಸ್ಟಮ್ಸ್

ಅಲ್ಲೇ ಇದೆ ತೂತು. ಹಸಿರು ಟಿಕ್ ತೋರಿಸ್ತಾ, ಇಡೀ ಸಿ ಡ್ರೈವ್ ಕಡೆ ತಿರುಗಿಯೂ ನೋಡದೆ ಕೂತಿದೆ. ರಿಮೂವ್ ಬಾರದಿರಲು ಕಾರಣ, ಅದನ್ನು ಸೇರಿಸಿರುವುದು ಪಾಲಿಸಿ ಮೂಲಕ. ಅದನ್ನು ರಿಜಿಸ್ಟ್ರಿಯಲ್ಲೇ ತೆಗೆಯಬೇಕು.

ಮೊದಲು ಹಾಟ್‌ಸ್ಪಾಟ್ ಆಫ್ ಮಾಡಿ. ರಿಜಿಸ್ಟ್ರಿ ಎಡಿಟರ್‌ನಲ್ಲಿ ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್ ಡಿಫೆಂಡರ್ ಹೀಗೆ ಒಂದೊಂದೇ ತೆರೆದು ಒಳಗೆ ಹೋಗಿ. "ಪಾಲಿಸೀಸ್" ದಾರಿಯಲ್ಲೇ ಹೋಗಬೇಕು, ಅದನ್ನು ಬಿಟ್ಟು ನೇರ ಮೈಕ್ರೋಸಾಫ್ಟ್ ಒಳಗೆ ಹೋದರೂ ಇದೇ ಹೆಸರಿನ ಇನ್ನೊಂದು ಸಿಗುತ್ತೆ, ಅದನ್ನು ಮುಟ್ಟಬಾರದು. ಸರಿಯಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್, ಒಂದು ಪ್ರತಿ ಇಟ್ಟುಕೊಳ್ಳಿ. ಒಳಗೆ "ಎಕ್ಸ್‌ಕ್ಲೂಷನ್ಸ್", ಅದರೊಳಗೆ "ಪಾತ್ಸ್" ಇದ್ದು ಬಲಗಡೆ ಸಿ ಡ್ರೈವ್ ಹೆಸರಿರುತ್ತೆ. ಮನೆ ಪಿಸಿಗೆ ಈ ಪಾಲಿಸಿ ಫೋಲ್ಡರಿನ ಅಗತ್ಯವೇ ಇಲ್ಲ. ಆ ವಿಂಡೋಸ್ ಡಿಫೆಂಡರ್ ಫೋಲ್ಡರನ್ನೇ ಅಳಿಸಿ ರೀಸ್ಟಾರ್ಟ್ ಕೊಡಿ. ಕೆಂಪಕ್ಷರ ಹೋಗುತ್ತೆ, ಸ್ವಿಚ್ ಜೀವ ಪಡೆಯುತ್ತೆ. ಎರಡನೇ ಸಾಲಿಗೆ ರಿಮೂವ್ ಒತ್ತಿ. ಅದೇ ಪುಟದಲ್ಲಿ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಮಾಡಿ, ಬೇರೆ ಪ್ರೋಗ್ರಾಂಗಳು ಡಿಫೆಂಡರ್ ಸೆಟ್ಟಿಂಗ್ ಬದಲಿಸದಂತೆ ಅದು ತಡೆಯುತ್ತೆ.

ಆಕ್ಟಿವೇಟರ್ ಮತ್ತು ಆ ಆಫೀಸ್ ಎರಡನ್ನೂ ಕಿತ್ತುಹಾಕಿ, ಇಲ್ಲದಿದ್ದರೆ ಇದೇ ಮತ್ತೆ ಬರುತ್ತೆ. ಮನೆಯ ಕೆಲಸಕ್ಕೆ ಲಿಬ್ರೆಆಫೀಸ್ ಸಾಕು, ಉಚಿತ, ಯುನಿಕೋಡ್ ಕನ್ನಡ ಚೆನ್ನಾಗಿ ಓದುತ್ತೆ.

ಈಗ ನೆಟ್ ಕೊಟ್ಟು ಡೆಫಿನಿಷನ್ (ವೈರಸ್ ಗುರುತಿನ ಪಟ್ಟಿ) ಅಪ್‌ಡೇಟ್ ಮಾಡಿ. ಆಮೇಲೆ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ "ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್". ಪಿಸಿ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ತಪಾಸಣೆ ನಡೆಯುತ್ತೆ, ಹಾಗಾಗಿ ಅಡಗಿರುವ ಮಾಲ್‌ವೇರ್‌ಗೆ ತಪ್ಪಿಸಿಕೊಳ್ಳೋದು ಕಷ್ಟ. ಮಾಮೂಲಿಯಾಗಿ ಹದಿನೈದು ನಿಮಿಷ, ನಿಮ್ಮ ಡಿಸ್ಕಿಗೆ ಜಾಸ್ತಿ ಹಿಡಿಯಬಹುದು. ಬೆಸ್ಕಾಂ ಕರೆಂಟ್ ಹೋಗುವ ಹೊತ್ತು ತಪ್ಪಿಸಿ ಹಚ್ಚಿ. ಅದಾದ ಮೇಲೆ ಫುಲ್ ಸ್ಕ್ಯಾನ್, ರಾತ್ರಿ ಬಿಟ್ಟು ಮಲಗಿ.

ಸ್ಕ್ಯಾನ್‌ಗೂ ಕಾಯದೆ ಮಾಡಬೇಕಾದ್ದು ಒಂದಿದೆ. ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಫೋನಿನಿಂದ ಬದಲಿಸಿ, ಇಮೇಲ್‌ನಲ್ಲಿ ಎಲ್ಲ ಡಿವೈಸ್‌ಗಳಿಂದ ಸೈನ್ ಔಟ್ ಮಾಡಿ. ಪಾಸ್‌ವರ್ಡ್ ಕದಿಯುವ ಮಾಲ್‌ವೇರ್ ಲಾಗಿನ್ ನೆನಪಿಡುವ ಬ್ರೌಸರಿನ ಕುಕೀಗಳನ್ನೂ ಒಯ್ಯುತ್ತೆ, ಅದರಿಂದ ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಹೋಗಬಹುದು. ಖಾತೆಯಿಂದ ಹಣ ಹೋಗಿದ್ದು ಕಂಡರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಜಿಲ್ಲೆಯ ಸೆನ್ (ಸೈಬರ್ ಅಪರಾಧ) ಪೊಲೀಸ್ ಠಾಣೆ.

ಚನ್ನಗಿರಿ_ಹಾರ್ಡ್‌ವೇರ್

ಕೋಟೆನಾಡು ಅವರು ಹೇಳಿದ್ದು ಸರಿಯಾಗೈತ್ರಿ. ಪೆನ್‌ಡ್ರೈವ್ ಬಗ್ಗೆ ನಾನು ಸೇರಿಸ್ತೀನಿ, ಯಾಕಂದ್ರೆ ನಮ್ಮ ಕಡೆ ಅರ್ಧ ಕೇಸು ಬರೋದು ಜೆರಾಕ್ಸ್ ಅಂಗಡಿ ದಾರಿಯಿಂದಲೇ.

ವಾಪಸ್ ತಂದ ಪೆನ್‌ಡ್ರೈವ್‌ನಾಗೆ ಫೋಲ್ಡರ್ ಚಿತ್ರದ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಕಂಡ್ರೆ ಡಬಲ್ ಕ್ಲಿಕ್ ಮಾಡ್ಬೇಡ್ರಿ. ಅದು ಫೋಲ್ಡರ್ ಅಲ್ಲ, ಶಾರ್ಟ್‌ಕಟ್. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಾಗೆ "ಟಾರ್ಗೆಟ್" ನೋಡ್ರಿ, ಅಲ್ಲಿ ಸಿಎಂಡಿ ಅಥವಾ ಡಬ್ಲ್ಯುಸ್ಕ್ರಿಪ್ಟ್ ಅಂತ ಇದ್ರೆ ವೈರಸ್ಸೇ. ನೀವು ಒತ್ತಿದಾಗ ಮೊದ್ಲು ವೈರಸ್ ಓಡಿ, ಆಮೇಲೆ ನಿಜವಾದ ಫೋಲ್ಡರ್ ತೆರೀತೈತಿ. ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ನಿಮ್ಮ ಫೈಲ್ ಎಲ್ಲೂ ಹೋಗಿರಲ್ಲ, ಮರೆ ಮಾಡಿರ್ತೈತಿ ಅಷ್ಟೆ. ಫಾರ್ಮ್ಯಾಟ್ ಹೊಡೆದು ಕಳಕೊಳ್ಳಬ್ಯಾಡ್ರಿ.

ಎಕ್ಸ್‌ಪ್ಲೋರರ್‌ನ "ವ್ಯೂ"ನಾಗೆ "ಹಿಡನ್ ಐಟಮ್ಸ್", "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಎರಡಕ್ಕೂ ಟಿಕ್ ಹಾಕ್ರಿ. ಆಪ್ಷನ್ಸ್ ಒಳಗೆ "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಟಿಕ್ ತಾತ್ಕಾಲಿಕವಾಗಿ ತೆಗೀರಿ. ಆಗ ನಿಜವಾದ ಫೋಲ್ಡರ್ ಮಸುಕಾಗಿ ಕಾಣತೈತಿ. ಒಳಗಿನ ನಿಮ್ಮ ಡಾಕ್ಯುಮೆಂಟ್ ಮಾತ್ರ ಹೊರಗೆ ಕಾಪಿ ಮಾಡ್ಕೊಂಡು, ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ, ಆಮೇಲೆ ಬೇಕಾದ್ರೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡ್ರಿ. ಮುಗಿದ ಮೇಲೆ ಆ ಸಿಸ್ಟಮ್ ಫೈಲ್ಸ್ ಟಿಕ್ ವಾಪಸ್ ಹಾಕೋದು ಮರೀಬ್ಯಾಡ್ರಿ.

ಪ್ರಿಂಟಿಗೆ ಪಿಡಿಎಫ್ ಮಾಡಿ ಇಮೇಲ್ ಅಥವಾ ವಾಟ್ಸಾಪ್‌ನಾಗೆ ಕಳಿಸೋದೇ ಲೇಸು. ಫಾಂಟ್ ಕೆಡೋ ತಾಪತ್ರಯನೂ ಇರಲ್ಲ. ಪೆನ್‌ಡ್ರೈವ್ ಒಯ್ಯಲೇಬೇಕು ಅಂದ್ರೆ ಅಂಗಡಿಗೆ ಅಂತಲೇ ಒಂದು ಚಿಕ್ಕದು ಇಡ್ರಿ, ಅದರಾಗೆ ಪ್ರಿಂಟಿನ ಫೈಲ್ ಬಿಟ್ಟು ಬೇರೇನೂ ಇರಬಾರ್ದು.

ಇನ್ನು ಪಾವತಿ ಆಂಟಿವೈರಸ್. ಬೇಡವೇ ಬೇಡ ಅನ್ನೋದನ್ನ ನಾನು ಒಪ್ಪಲ್ಲ. ಮಕ್ಕಳಿಗೆ ಸಮಯದ ಮಿತಿ, ಸೈಟ್ ಬ್ಲಾಕ್ ಒಂದೇ ಕಡೆ ಬೇಕು, ತೊಂದ್ರೆ ಆದ್ರೆ ಫೋನ್ ಎತ್ತೋರು ಬೇಕು ಅನ್ನೋ ಮನೆಗೆ ಅದು ಅನುಕೂಲನೇ.

ಕೋಟೆನಾಡು_ಸಿಸ್ಟಮ್ಸ್

ಒಪ್ಪುತ್ತೇನೆ, ಆದರೆ ಆಯ್ಕೆ ಅಂಗಡಿಯ ಗಾಜಿನ ಮೇಲಿನ ಪೋಸ್ಟರ್ ನೋಡಿ ಆಗಬಾರದು. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತವೆ, ವಿದೇಶಿ ಹೆಸರುಗಳೂ ಸಾಕಷ್ಟಿವೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಇವನ್ನೆಲ್ಲ ಪರೀಕ್ಷಿಸಿ ಫಲಿತಾಂಶವನ್ನು ಉಚಿತವಾಗಿ ಪ್ರಕಟಿಸುತ್ತವೆ. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆಯ ಅನುಕೂಲ ಮೂರಕ್ಕೂ ತಲಾ 6ರಂತೆ ಒಟ್ಟು 18 ಅಂಕ ಇಡುತ್ತೆ. ನಿಮ್ಮಂಥ ಹಳೆ ಪಿಸಿಗೆ ವೇಗದ ಅಂಕವೂ ರಕ್ಷಣೆಯ ಅಂಕದಷ್ಟೇ ಮುಖ್ಯ. ಒಂದೇ ಸುತ್ತಿನ ಫಲಿತಾಂಶ ನೋಡಬೇಡಿ, ಹಿಂದಿನ ಮೂರ್ನಾಲ್ಕು ಸುತ್ತು ನೋಡಿ. ಡಿಫೆಂಡರ್ ಅಂಕವೂ ಅದೇ ಪಟ್ಟಿಯಲ್ಲಿರುತ್ತೆ, ಪಕ್ಕದಲ್ಲಿಟ್ಟು ಹೋಲಿಸಿದರೆ ದುಡ್ಡು ಕೊಟ್ಟು ಎಷ್ಟು ಹೆಚ್ಚು ಸಿಗ್ತಿದೆ ಅಂತ ಗೊತ್ತಾಗುತ್ತೆ. ಮೊದಲ ವರ್ಷದ ಬೆಲೆ ನೋಡಿ ಮರುಳಾಗದೆ ನವೀಕರಣದ ಬೆಲೆ ಕೇಳಿ, ಆಟೋ ರಿನ್ಯೂವಲ್ ಇದ್ದರೆ ಆಫ್ ಮಾಡಿ.

ವಿದ್ಯಾನಗರದವರ ಈಗಿನ ಬಳಕೆಗೆ ನನ್ನ ಸಲಹೆ ಡಿಫೆಂಡರ್ ಒಂದೇ. ಆಂಟಿವೈರಸ್‌ಗೆ ಇಟ್ಟ ದುಡ್ಡನ್ನು ಹಾರ್ಡ್ ಡಿಸ್ಕಿಗಿಂತ ವೇಗದ 2.5 ಇಂಚಿನ 256 ಜಿಬಿ ಸಾಟಾ ಎಸ್‌ಎಸ್‌ಡಿಗೂ ಇನ್ನೊಂದು 4 ಜಿಬಿ ರ್‍ಯಾಮ್‌ಗೂ ಹಾಕಿ. ರ್‍ಯಾಮ್ ಕೊಳ್ಳುವ ಮುನ್ನ ಈಗಿರೋದು ಡಿಡಿಆರ್4 ಹೌದೋ ಅಂತ ಸ್ಟಿಕ್ ಮೇಲಿನ ಚೀಟಿಯಲ್ಲಿ ನೋಡಿಕೊಳ್ಳಿ. ಮಕ್ಕಳಿಗೆ ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಯೂಸರ್ ಖಾತೆ ಮಾಡಿಕೊಡಿ, ಆಗ ಪಾಸ್‌ವರ್ಡ್ ಇಲ್ಲದೆ ಯಾವ ಸಾಫ್ಟ್‌ವೇರೂ ಸಿಸ್ಟಮ್ ಸೆಟ್ಟಿಂಗ್ ಬದಲಿಸಲಾಗದು.

ವಿದ್ಯಾನಗರ_ಪಿಸಿ

ಪಾಲಿಸಿ ಫೋಲ್ಡರ್ ಅಳಿಸಿದೆ, ಸ್ವಿಚ್ ಸರಿಯಾಯಿತು. ರಿಮೂವಲ್ ಟೂಲ್ ಓಡಿಸಿದ ಮೇಲೆ 32ರ ಸಾಲುಗಳಲ್ಲಿ 328010 ಒಂದೇ ಉಳಿದಿದೆ. ಸ್ಕ್ಯಾನ್‌ನಲ್ಲಿ "ಹ್ಯಾಕ್‌ಟೂಲ್... ಆಟೋಕೆಎಂಎಸ್" ಅನ್ನೋ ಆಕ್ಟಿವೇಟರ್ ಸಿಕ್ಕು ತೆಗೆದುಹಾಕಿತು, ಬೇರೇನೂ ಇಲ್ಲ. ಪಾಸ್‌ವರ್ಡ್ ಬದಲಾಯಿಸಿದ್ದೇನೆ. ರ್‍ಯಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ಹಣ ಕೇಳುವ ಮಾಲ್‌ವೇರ್) ಪುಟದಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಕಂಡು ಆನ್ ಮಾಡಿದೆ. ಈಗ ನುಡಿಯಿಂದ ಡಾಕ್ಯುಮೆಂಟ್ಸ್‌ಗೆ ಫೈಲ್ ಸೇವ್ ಆಗ್ತಿಲ್ಲ. ಮತ್ತೆ ಆಫ್ ಮಾಡಲೇ?

ಕೋಟೆನಾಡು_ಸಿಸ್ಟಮ್ಸ್

ಆಫ್ ಮಾಡಬೇಡಿ. ಅದು ಗುರುತಿಲ್ಲದ ಪ್ರೋಗ್ರಾಂಗಳು ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರ್‌ಗಳಲ್ಲಿ ಬರೆಯದಂತೆ ತಡೆಯುತ್ತೆ, ನುಡಿ ಆ ಗುರುತಿನ ಪಟ್ಟಿಯಲ್ಲಿಲ್ಲ, ಅಷ್ಟೇ. ಅದೇ ಪುಟದಲ್ಲಿ "ಅಲೋ ಆನ್ ಆಪ್ ಥ್ರೂ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್" ತೆರೆದು "ರೀಸೆಂಟ್ಲಿ ಬ್ಲಾಕ್ಡ್ ಆಪ್ಸ್" ಒತ್ತಿ. ನುಡಿಯ ಹೆಸರು ಅಲ್ಲೇ ಇರುತ್ತೆ, ಪಕ್ಕದ ಪ್ಲಸ್ ಒತ್ತಿದರೆ ಮುಗಿಯಿತು. ಇದಕ್ಕಾಗಿ ಎಕ್ಸ್‌ಕ್ಲೂಷನ್ ಪಟ್ಟಿಗೆ ಏನನ್ನೂ ಸೇರಿಸಬೇಡಿ, ಅವೆರಡೂ ಬೇರೆ. ಇದಿದ್ದರೂ ವಾರಕ್ಕೊಮ್ಮೆ ಹೊರಗಿನ ಹಾರ್ಡ್ ಡಿಸ್ಕಿಗೆ ಪ್ರತಿ ತೆಗೆದು ಕೇಬಲ್ ಕಳಚಿಡಿ. ಚುಚ್ಚಿಯೇ ಬಿಟ್ಟ ಡಿಸ್ಕನ್ನೂ ರ್‍ಯಾನ್ಸಮ್‌ವೇರ್ ಬೀಗ ಹಾಕುತ್ತೆ.

ಚನ್ನಗಿರಿ_ಹಾರ್ಡ್‌ವೇರ್

ಎರಡು ಉಳಿದಾವೆ. ಹಾಟ್‌ಸ್ಪಾಟ್ ಅಂದ್ರಲ್ಲ, ವೈಫೈ ಪ್ರಾಪರ್ಟೀಸ್‌ನಾಗೆ ಡೇಟಾ ಉಳಿಸೋ "ಮೀಟರ್ಡ್ ಕನೆಕ್ಷನ್" ಆನ್ ಇದ್ರೆ ಡೆಫಿನಿಷನ್ ತಾನಾಗಿ ಇಳಿಯಲ್ಲ. ಒಂದೋ ಅದನ್ನ ಆಫ್ ಮಾಡ್ರಿ, ಇಲ್ಲಾಂದ್ರೆ ದಿನಾ "ಚೆಕ್ ಫಾರ್ ಅಪ್‌ಡೇಟ್ಸ್" ಕೈಯಾರೆ ಒತ್ತಬೇಕಾಗ್ತೈತಿ.

ಇನ್ನೊಂದು, 7ನೇ ತಲೆಮಾರಿನ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದೈತಿ. ಡಿಫೆಂಡರ್ ಡೆಫಿನಿಷನ್ 2028ರ ಅಕ್ಟೋಬರ್ ತನಕ ಬರ್ತಾವೆ, ಆದ್ರೆ ವಿಂಡೋಸ್‌ನದೇ ಲೋಪಗಳನ್ನ ಡೆಫಿನಿಷನ್ ಮುಚ್ಚಲ್ಲ. ವಿಂಡೋಸ್ ಅಪ್‌ಡೇಟ್ ಪುಟದಾಗೆ, ಬೆಂಬಲ ಮುಗಿದ ಮೇಲೂ ಭದ್ರತಾ ಅಪ್‌ಡೇಟ್ ಕೊಡೋ ಇಎಸ್‌ಯು "ಎನ್‌ರೋಲ್ ನೌ" ಕಂಡ್ರೆ ಸೇರಿಕೊಳ್ರಿ. 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡು ಕೊಡಬೇಕಿಲ್ಲ. ಅದು 2026ರ ಅಕ್ಟೋಬರ್ 13ರ ತನಕ. ಅಷ್ಟರೊಳಗೆ ಬೋರ್ಡ್ ಮತ್ತು ಪ್ರೊಸೆಸರ್ ಬದಲಿಸೋದಾ, ಇಲ್ಲಾ ಲಿನಕ್ಸ್ ಹಾಕೋದಾ ತೀರ್ಮಾನಿಸ್ರಿ. ಲಿನಕ್ಸ್ ಅಂದ್ರೆ ನುಡಿಯ ಹಳೆ ಫಾಂಟಿನ ಫೈಲುಗಳನ್ನ ಈಗಲೇ ಯುನಿಕೋಡ್‌ಗೆ ಪರಿವರ್ತಿಸಿ ಇಟ್ಕೊಳ್ರಿ.